ಹಳೇ ಕಂಪ್ಯೂಟರ್‌ನಲ್ಲಿ ಲಿನಕ್ಸ್ ಕೈಕೊಟ್ಟಾಗ: ದೋಷ ಹುಡುಕುವ ದಾರಿ

ಹತ್ತು ಹದಿನೈದು ವರ್ಷ ದುಡಿದ ಕಂಪ್ಯೂಟರ್‌ನಲ್ಲಿ ಲಿನಕ್ಸ್ ಕೈಕೊಟ್ಟರೆ ಹೆಚ್ಚಿನವರು ಮೊದಲು ಮಾಡುವುದು ಮರು ಇನ್‌ಸ್ಟಾಲ್. ಕೆಲವೊಮ್ಮೆ ಅದರಿಂದ ಸರಿಹೋದ ಹಾಗೆ ಕಾಣುತ್ತದೆ ಕೂಡ. ಸ್ವಲ್ಪ ದಿನ ಕಳೆದ ಮೇಲೆ ಅದೇ ತೊಂದರೆ ವಾಪಸ್ ಬರುತ್ತದೆ. ಡಿಸ್ಕ್‌ನಲ್ಲಿ ಹಾಳಾದ ಜಾಗ ಅಲ್ಲೇ ಇರುತ್ತದೆ. ಸಿಸ್ಟಂ ಫೈಲುಗಳು ಮಾತ್ರ ಬೇರೆ ಜಾಗಕ್ಕೆ ಹೋಗಿ ಕೂತಿರುತ್ತವೆ.

ಹಳೇ ಯಂತ್ರದ ದೋಷ ಮೂರು ಕಡೆಯಿಂದ ಬರಬಹುದು. ಯಾವುದೋ ಭಾಗ ಸವೆದಿರಬಹುದು. ಅಥವಾ ಯಂತ್ರ ಗಟ್ಟಿಮುಟ್ಟಾಗಿಯೇ ಇದ್ದು, ಸಾಫ್ಟ್‌ವೇರ್ ಅದನ್ನು ಬಿಟ್ಟು ಮುಂದೆ ಹೋಗಿರಬಹುದು. ಇಲ್ಲವೇ ಎರಡೂ ಸರಿಯಿದ್ದು, ನಾವು ಹೇರಿದ ಕೆಲಸವೇ ಜಾಸ್ತಿ ಆಗಿರಬಹುದು. ಹೊರಗೆ ಕಾಣುವುದು ಮಾತ್ರ ಮೂರಕ್ಕೂ ಒಂದೇ: ನಿಧಾನ, ಹ್ಯಾಂಗ್, ಕಪ್ಪು ಪರದೆ. ಆದ್ದರಿಂದ ರಿಪೇರಿಗೆ ಕೈ ಹಾಕುವ ಮೊದಲು ದೋಷ ಯಾವ ಕಡೆಯದು ಅಂತ ಗೊತ್ತುಮಾಡಿಕೊಳ್ಳಿ. ಅಷ್ಟು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಯಾವುದಕ್ಕೂ ಮುಂಚೆ ನಿಮ್ಮ ಫೈಲುಗಳನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿಕೊಳ್ಳಿ. ಪರೀಕ್ಷೆಗಳೂ ಡಿಸ್ಕ್‌ಗೆ ಶ್ರಮವೇ.

ಶುರುವಿನಲ್ಲಿ ಎರಡು ಪರೀಕ್ಷೆ

ಒಂದು, ಪೆನ್‌ಡ್ರೈವ್‌ನಿಂದ ಲೈವ್ ಲಿನಕ್ಸ್ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡುವ ಸಿಸ್ಟಂ) ಬೂಟ್ ಮಾಡಿ, ಒಂದು ಗಂಟೆ ಎಂದಿನ ಕೆಲಸ ಮಾಡಿ ನೋಡಿ. ಅಲ್ಲೂ ಅದೇ ತೊಂದರೆ ಬಂದರೆ ನೀವು ಇನ್‌ಸ್ಟಾಲ್ ಮಾಡಿದ ಸಿಸ್ಟಂ ಮೇಲೆ ಅನುಮಾನ ಬೇಡ. ಬರದಿದ್ದರೆ ಸಿಸ್ಟಂನದೇ ತಪ್ಪು ಅಂತ ಹೇಳುವ ಹಾಗೂ ಇಲ್ಲ. ಲೈವ್ ಸಿಸ್ಟಂ ಒಳಗಿನ ಡಿಸ್ಕನ್ನು ಮುಟ್ಟುವುದೇ ಇಲ್ಲವಲ್ಲ. ಹಾಗಾಗಿ ಲೈವ್‌ನಲ್ಲಿ ಚೆನ್ನಾಗಿ ಓಡಿದರೆ ಇನ್‌ಸ್ಟಾಲ್ ಆದ ಸಿಸ್ಟಂ ಮತ್ತು ಡಿಸ್ಕ್, ಎರಡನ್ನೂ ಅನುಮಾನದ ಪಟ್ಟಿಯಲ್ಲಿ ಇಟ್ಟುಕೊಳ್ಳಿ.

ಎರಡು, ತೊಂದರೆ ಅಪ್‌ಡೇಟ್ ಆದ ಮೇಲೆ ಶುರುವಾಗಿದ್ದರೆ ಗ್ರಬ್ ಮೆನುವಿನಲ್ಲಿ (ಬೂಟ್ ಆಗುವಾಗ ಮೊದಲು ಬರುವ ಪಟ್ಟಿ) ಅಡ್ವಾನ್ಸ್‌ಡ್ ಆಪ್ಷನ್ಸ್‌ಗೆ ಹೋಗಿ ಹಿಂದಿನ ಕರ್ನಲ್ (ಲಿನಕ್ಸ್‌ನ ತಿರುಳು) ಆರಿಸಿ. ಅದರಲ್ಲಿ ಎಲ್ಲ ಸರಿ ಓಡಿದರೆ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಅಗತ್ಯವೇ ಇಲ್ಲ. ಆ ಹಳೇ ಕರ್ನಲ್ ಅಳಿಸಿಹೋಗದ ಹಾಗೆ ಪ್ಯಾಕೇಜ್ ಮ್ಯಾನೇಜರ್‌ನಲ್ಲಿ ಹೋಲ್ಡ್ ಮಾಡಿಡಿ. ಮುಂದಿನ ಕರ್ನಲ್ ಬಂದಾಗ ಮತ್ತೆ ಪರೀಕ್ಷಿಸಿದರಾಯಿತು. ಮೆನು ಕಾಣದಿದ್ದರೆ ಬೂಟ್ ಆಗುವಾಗ ಶಿಫ್ಟ್ ಅಥವಾ ಎಸ್ಕೇಪ್ ಕೀ ಒತ್ತಬೇಕು.

ಇದಾದ ಮೇಲೆ ಲಾಗ್. ಡಿಮೆಸ್ಜ್ (dmesg) ಆದೇಶ ಈಗಿನ ಬೂಟ್‌ನ ಕರ್ನಲ್ ಸಂದೇಶ ತೋರಿಸುತ್ತದೆ. ಹ್ಯಾಂಗ್ ಆಗಿ ಪವರ್ ಬಟನ್ ಒತ್ತಿ ಆರಿಸಿದ್ದರೆ ನಿಮಗೆ ಬೇಕಾಗಿರುವುದು ಹಿಂದಿನ ಬೂಟ್‌ನದು. ಅದಕ್ಕೆ ಜರ್ನಲ್‌ಸಿಟಿಎಲ್ ಆದೇಶಕ್ಕೆ -ಬಿ -1 ಸೇರಿಸಿ (journalctl -b -1). ಏನೂ ಬರದಿದ್ದರೆ ವಾರ್ ಒಳಗಿನ ಲಾಗ್ ಫೋಲ್ಡರ್‌ನಲ್ಲಿ ಜರ್ನಲ್ ಎಂಬ ಫೋಲ್ಡರ್ (/var/log/journal) ಇದೆಯಾ ನೋಡಿ. ಅದಿಲ್ಲದಿದ್ದರೆ ಲಾಗ್ ರ‍್ಯಾಮ್‌ನಲ್ಲೇ ಇದ್ದು ಪವರ್ ಹೋದಾಗ ಅಳಿಸಿಹೋಗುತ್ತದೆ. ಫೋಲ್ಡರ್ ಮಾಡಿ ರೀಬೂಟ್ ಮಾಡಿದರೆ ಮುಂದಿನ ಸಲಕ್ಕೆ ಸಾಕ್ಷಿ ಉಳಿಯುತ್ತದೆ.

ಲಾಗ್‌ನಲ್ಲಿ ಕೆಂಪು ಸಾಲು ಕಂಡ ತಕ್ಷಣ ಗಾಬರಿ ಬೇಡ. ಹಳೇ ಬಯಾಸ್ (ಬೋರ್ಡ್‌ನಲ್ಲೇ ಇರುವ, ಯಂತ್ರವನ್ನು ಶುರುಮಾಡುವ ಪ್ರೋಗ್ರಾಂ) ಇರುವ ಯಂತ್ರಗಳಲ್ಲಿ ವಿದ್ಯುತ್ ನಿರ್ವಹಣೆಯ ಎಸಿಪಿಐ ಬಗ್ಗೆ ನಾಲ್ಕಾರು ದೂರು ಹುಟ್ಟಿದಂದಿನಿಂದಲೂ ಇರುತ್ತವೆ, ಏನೂ ಆಗುವುದಿಲ್ಲ. ತೊಂದರೆ ಕಾಣಿಸಿದ ಹೊತ್ತಿಗೆ ಸರಿಯಾಗಿ ಬಂದ ಸಾಲು ಯಾವುದು ಅಂತ ಮಾತ್ರ ಹುಡುಕಿ.

ಡಿಸ್ಕ್

ಹಳೇ ಯಂತ್ರದಲ್ಲಿ ನಾನು ಮೊದಲು ಅನುಮಾನಿಸುವುದು ತಿರುಗುವ ಹಾರ್ಡ್ ಡಿಸ್ಕನ್ನೇ. ಅದರ ಲಕ್ಷಣ ಹೀಗಿರುತ್ತದೆ: ಮೌಸ್ ಓಡಾಡುತ್ತದೆ, ಆದರೆ ಯಾವ ಕಿಟಕಿಯೂ ತೆರೆಯುವುದಿಲ್ಲ. ಅರ್ಧ ನಿಮಿಷ ಸುಮ್ನೆ ಕೂತು, ಆಮೇಲೆ ಏನೂ ಆಗದ ಹಾಗೆ ಮುಂದುವರಿಯುತ್ತದೆ. ಈ ಅರ್ಧ ನಿಮಿಷಕ್ಕೆ ಕಾರಣ ಇದೆ. ಓದಲಾಗದ ಜಾಗ ಸಿಕ್ಕಾಗ ಡಿಸ್ಕ್ ಮತ್ತೆ ಮತ್ತೆ ಪ್ರಯತ್ನಿಸುತ್ತಾ ಇರುತ್ತದೆ. ಕರ್ನಲ್ ಸಾಮಾನ್ಯವಾಗಿ 30 ಸೆಕೆಂಡ್ ಕಾದು, ಉತ್ತರ ಬರದಿದ್ದರೆ ಆ ಸಂಪರ್ಕವನ್ನು ರೀಸೆಟ್ ಮಾಡುತ್ತದೆ.

ನಿಧಾನವಾದ ಹೊತ್ತಿನಲ್ಲೇ ಟಾಪ್ ಆದೇಶ ಕೊಟ್ಟು, ಮೇಲಿನ ಸಾಲುಗಳಲ್ಲಿ ಡಬ್ಲ್ಯುಎ ಎಂಬ ಅಂಕಿ ನೋಡಿ. ಪ್ರೊಸೆಸರ್ ಡಿಸ್ಕ್‌ಗಾಗಿ ಕಾಯುತ್ತಾ ಕಳೆದ ಹೊತ್ತು ಅದು. ಪ್ರೊಸೆಸರ್‌ಗೆ ಕೆಲಸವೇ ಇಲ್ಲದೆ ಈ ಅಂಕಿ ಮಾತ್ರ ಏರಿ ಕೂತಿದ್ದರೆ ಡಿಸ್ಕ್ ಎಳೆದಾಡುತ್ತಿದೆ, ಅಥವಾ ರ‍್ಯಾಮ್ ಸಾಲದೆ ಸ್ವಾಪ್ (ಅದರ ಮಾಹಿತಿಯನ್ನು ಡಿಸ್ಕ್‌ಗೆ ಇಳಿಸಿ ಮತ್ತೆ ತರುವುದು) ಓಡಾಡುತ್ತಿದೆ. ಎರಡನ್ನೂ ಬೇರೆ ಮಾಡಲು ವಿಎಂಸ್ಟಾಟ್ ಆದೇಶಕ್ಕೆ 1 ಸೇರಿಸಿ (vmstat 1) ಓಡಿಸಿ. ಎಸ್‌ಐ, ಎಸ್‌ಒ ಕಾಲಂಗಳಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿಗಳು ಬರುತ್ತಲೇ ಇದ್ದರೆ ಅದು ಸ್ವಾಪ್, ಅಂದರೆ ರ‍್ಯಾಮ್ ಕೊರತೆ. ಸೊನ್ನೆಯೇ ಇದ್ದರೆ ಡಿಸ್ಕ್ ಕಡೆ ತಿರುಗಿ.

ಕರ್ನಲ್ ಲಾಗ್‌ನಲ್ಲಿ ಎಟಿಎ1, ಎಟಿಎ2 ಅಂತ ಶುರುವಾಗುವ ಸಾಲುಗಳು ಸಿಗುತ್ತವೆ. ಅವುಗಳ ಕೊನೆಯಲ್ಲಿ ಬರುವ ಎರಡು ಪದಗಳ ವ್ಯತ್ಯಾಸ ಗೊತ್ತಿದ್ದರೆ ಸಾಕಷ್ಟು ಖರ್ಚು ಉಳಿಯುತ್ತದೆ. ಯುಎನ್‌ಸಿ ಅಂತ ಇದ್ದರೆ ಡಿಸ್ಕ್ ತನ್ನ ತಟ್ಟೆಯ ಮೇಲಿನ ಮಾಹಿತಿಯನ್ನು ತಾನೇ ಓದಲಾಗದೆ ಸೋತಿದೆ. ಐಸಿಆರ್‌ಸಿ ಅಂತ ಇದ್ದರೆ ಮಾಹಿತಿ ದಾರಿಯಲ್ಲಿ ಕೆಟ್ಟಿದೆ. ಅದು ಹೆಚ್ಚಾಗಿ ಕೇಬಲ್ ಅಥವಾ ಕನೆಕ್ಟರ್ ತಪ್ಪು. ಸಾಟಾ (ಡಿಸ್ಕನ್ನು ಬೋರ್ಡ್‌ಗೆ ಜೋಡಿಸುವ ಸಂಪರ್ಕ) ವೇಗವನ್ನು 1.5 ಜಿಬಿಪಿಎಸ್‌ಗೆ ಇಳಿಸಿದ್ದೇನೆ ಎಂಬ ಸಾಲು ಕಂಡರೂ ಮೊದಲು ಕೇಬಲ್ ಬದಲಿಸಿ ನೋಡಿ. ಸಡಿಲ ಕೇಬಲ್‌ನ ದೆಸೆಯಿಂದ ಒಳ್ಳೇ ಡಿಸ್ಕ್ ಕಸಕ್ಕೆ ಹೋಗುವುದು ಅಪರೂಪವೇನಲ್ಲ.

ಈಗ ಡಿಸ್ಕ್ ತನ್ನ ಬಗ್ಗೆ ಏನು ಬರೆದಿಟ್ಟುಕೊಂಡಿದೆ ನೋಡೋಣ. ಸ್ಮಾರ್ಟ್‌ಮಾನ್‌ಟೂಲ್ಸ್ ಪ್ಯಾಕೇಜ್ ಹಾಕಿಕೊಂಡು ಸ್ಮಾರ್ಟ್‌ಸಿಟಿಎಲ್ ಆದೇಶವನ್ನು -ಎ ಜೊತೆ (smartctl -a) ಓಡಿಸಿ. ದೊಡ್ಡ ಅಕ್ಷರದಲ್ಲಿ ಪಾಸ್ ಅಂತ ಬರುವುದನ್ನು ನಂಬಬೇಡಿ. ಸಾಯುವ ಹಿಂದಿನ ದಿನದವರೆಗೂ ಪಾಸ್ ಅಂತಲೇ ತೋರಿಸುವ ಡಿಸ್ಕ್‌ಗಳಿವೆ. ಕೆಳಗಿನ ಪಟ್ಟಿಯಲ್ಲಿ ನಾಲ್ಕು ಸಾಲುಗಳ ಕಡೆಯ ಕಾಲಂ, ಅಂದರೆ ರಾ ವ್ಯಾಲ್ಯೂ, ಓದಿ.

5ನೇ ಸಾಲು: ಕೆಟ್ಟಿದ್ದಕ್ಕೆ ಬದಲಿ ಜಾಗ ಕೊಟ್ಟ ಸೆಕ್ಟರ್‌ಗಳ ಲೆಕ್ಕ.
197: ಓದಲಾಗದೆ, ಬದಲಿಯೂ ಸಿಗದೆ ಕಾಯುತ್ತಿರುವ ಸೆಕ್ಟರ್‌ಗಳು.
198: ಡಿಸ್ಕ್ ಬಿಡುವಿನಲ್ಲಿ ತಾನೇ ಪರೀಕ್ಷಿಸಿದಾಗ ಸರಿಪಡಿಸಲಾಗದೆ ಉಳಿದವು.
199: ಕೇಬಲ್ ದಾರಿಯಲ್ಲಿ ಕೆಟ್ಟ ಮಾಹಿತಿಯ ಲೆಕ್ಕ.

5ರಲ್ಲಿ ಒಂದೆರಡು ಇದ್ದು, ತಿಂಗಳುಗಟ್ಟಲೆ ಏರದೆ ನಿಂತಿದ್ದರೆ ಆ ಡಿಸ್ಕ್ ಇನ್ನೂ ಓಡಬಹುದು. ವಾರ ವಾರಕ್ಕೂ ಏರುತ್ತಿದ್ದರೆ ಆಸೆ ಬಿಡಿ. 197 ಸೊನ್ನೆ ಬಿಟ್ಟು ಏನೇ ಇದ್ದರೂ ಯಾವುದೋ ಫೈಲ್ ಈಗಲೇ ಓದಲಾಗದ ಸ್ಥಿತಿಯಲ್ಲಿರಬಹುದು. 199 ಒಮ್ಮೆ ಏರಿದರೆ ಮತ್ತೆ ಇಳಿಯುವುದಿಲ್ಲ. ಕೇಬಲ್ ಬದಲಿಸಿದ ಮೇಲೂ ಏರುತ್ತಿದೆಯಾ ಅನ್ನುವುದಷ್ಟೇ ಮುಖ್ಯ.

ಇನ್ನೊಂದು ಲಕ್ಷಣ: ಇದ್ದಕ್ಕಿದ್ದ ಹಾಗೆ ಯಾವ ಫೈಲನ್ನೂ ಉಳಿಸಲು ಆಗುವುದಿಲ್ಲ, ಫೈಲ್ ಸಿಸ್ಟಂ ರೀಡ್ ಓನ್ಲಿ ಅಂತ ಬರುತ್ತದೆ. ಎಕ್ಸ್ಟ್4, ಅಂದರೆ ಲಿನಕ್ಸ್‌ನ ಸಾಮಾನ್ಯ ಫೈಲ್ ಸಿಸ್ಟಂ, ತನ್ನಲ್ಲಿ ದೋಷ ಕಂಡಾಗ ಮತ್ತಷ್ಟು ಹಾಳಾಗದಿರಲಿ ಅಂತ ಬರೆಯುವುದನ್ನು ನಿಲ್ಲಿಸುತ್ತದೆ. ಇಲ್ಲಿ ತುಂಬಾ ಜನ ಎಡವುತ್ತಾರೆ. ತಕ್ಷಣ ಫೈಲ್ ಸಿಸ್ಟಂ ರಿಪೇರಿ ಮಾಡುವ ಎಫ್‌ಎಸ್‌ಸಿಕೆ ಓಡಿಸಿಬಿಡುತ್ತಾರೆ. ಕೆಡುತ್ತಿರುವ ಡಿಸ್ಕ್ ಮೇಲೆ ಎಫ್‌ಎಸ್‌ಸಿಕೆ ಓಡಿಸಿದರೆ, ಸರಿ ಓದಲಾಗದ ಫೋಲ್ಡರ್‌ಗಳನ್ನು ಅದು ಹಾಳಾದವು ಅಂತ ತಿಳಿದು ಕಿತ್ತುಹಾಕಬಹುದು. ಮೊದಲು ಸ್ಮಾರ್ಟ್ ಅಂಕಿ, ಅಂದರೆ ಮೇಲಿನ ನಾಲ್ಕು ಸಾಲು, ನೋಡಿ. ಅದು ಕೆಟ್ಟದಾಗಿದ್ದರೆ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಜಿಎನ್‌ಯು ಡಿಡಿರೆಸ್ಕ್ಯೂ ಬಳಸಿ ಇಡೀ ಡಿಸ್ಕನ್ನು ಇನ್ನೊಂದಕ್ಕೆ ನಕಲು ಮಾಡಿ. ಡೆಬಿಯನ್‌ನಲ್ಲಿ ಅದರ ಪ್ಯಾಕೇಜ್ ಹೆಸರು ಜಿಡಿಡಿರೆಸ್ಕ್ಯೂ. ಅದಕ್ಕೆ ಮ್ಯಾಪ್ ಫೈಲ್ ಹೆಸರು ಕೊಡುವುದನ್ನು ಮರೆಯಬೇಡಿ. ಎಲ್ಲಿವರೆಗೆ ಓದಿತು ಅನ್ನುವುದು ಅದರಲ್ಲಿ ಉಳಿಯುತ್ತದೆ, ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು. ಚೆನ್ನಾಗಿರುವ ಭಾಗವನ್ನು ಮೊದಲು ಎತ್ತಿಕೊಂಡು, ಕೆಟ್ಟ ಜಾಗವನ್ನು ಕೊನೆಗೆ ಕೆದಕುತ್ತದೆ. ಎಫ್‌ಎಸ್‌ಸಿಕೆ ಏನಿದ್ದರೂ ಆ ನಕಲಿನ ಮೇಲೆ.

ಡಿಸ್ಕ್ ಬದಲಿಸುವುದಾದರೆ ಎಸ್‌ಎಸ್‌ಡಿ ಹಾಕಿ. ಹಳೇ ಯಂತ್ರದ ಸಾಟಾ ಪೋರ್ಟ್ ಅದರ ಪೂರ್ತಿ ವೇಗ ಕೊಡುವುದಿಲ್ಲ ಅಂತ ಹಿಂಜರಿಯಬೇಡಿ. ದಿನನಿತ್ಯದ ಬಳಕೆಯಲ್ಲಿ ಗೊತ್ತಾಗುವುದು ಸಣ್ಣ ಸಣ್ಣ ಫೈಲುಗಳನ್ನು ಹುಡುಕಿ ತರುವ ಚುರುಕು. ಅದು ಹಳೇ ಪೋರ್ಟ್‌ನಲ್ಲೂ ಸಿಗುತ್ತದೆ.

ಗಡಿಯಾರ ಹಿಂದೆ ಹೋದರೆ

ಮದರ್‌ಬೋರ್ಡ್ ಮೇಲಿನ ನಾಣ್ಯದ ಗಾತ್ರದ ಸೆಲ್ ಖಾಲಿಯಾದಾಗ ಬರುವ ತೊಂದರೆಗಳು ಸಾಫ್ಟ್‌ವೇರ್ ದೋಷದ ಹಾಗೇ ಕಾಣುತ್ತವೆ. ಯಾವ ವೆಬ್‌ಸೈಟ್ ತೆರೆದರೂ ಸರ್ಟಿಫಿಕೇಟ್ ಸರಿಯಿಲ್ಲ ಎನ್ನುತ್ತದೆ. ಆಪ್ಟ್ ಅಪ್‌ಡೇಟ್ ಮಾಡಲು ಹೋದರೆ ರಿಲೀಸ್ ಫೈಲ್ ಇನ್ನೂ ಜಾರಿಗೆ ಬಂದಿಲ್ಲ ಎಂಬ ಅರ್ಥದ ಎರರ್ ಬರುತ್ತದೆ. ಬೂಟ್ ಆಗುವಾಗ, ಡಿಸ್ಕ್ ಕೊನೇ ಸಲ ಮೌಂಟ್ ಆದ ದಿನ ಭವಿಷ್ಯದಲ್ಲಿದೆ ಎಂದು ಎಫ್‌ಎಸ್‌ಸಿಕೆ ತಕರಾರು ತೆಗೆಯಬಹುದು. ಡೇಟ್ ಆದೇಶ ಕೊಟ್ಟು ನೋಡಿ. ಹಲವು ವರ್ಷ ಹಿಂದಿನ ದಿನಾಂಕ ಬಂದರೆ ಉತ್ತರ ಸಿಕ್ಕಿತು.

ಆ ಸೆಲ್ ಹೆಚ್ಚಾಗಿ ಸಿಆರ್2032, 3 ವೋಲ್ಟ್‌ದು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದಕ್ಕೆ ವೈರ್ ಬೆಸೆದು ಪ್ಲಾಸ್ಟಿಕ್ ಸುತ್ತಿರುತ್ತಾರೆ. ಹೊಸದು ಹಾಕಿದ ಮೇಲೆ ಬಯಾಸ್ ಒಳಗೂ ಒಮ್ಮೆ ಇಣುಕಿ. ಸೆಲ್ ಸತ್ತಾಗ ಬಯಾಸ್ ಸೆಟ್ಟಿಂಗ್ ಕೂಡ ಮೊದಲಿನ ಸ್ಥಿತಿಗೆ ಹೋಗಿರಬಹುದು. ಬೂಟ್ ಸರದಿ ಬದಲಾಗಿ ಡಿಸ್ಕೇ ಸಿಗಲಿಲ್ಲ ಎನ್ನಬಹುದು. ಡಿಸ್ಕ್ ಜೊತೆ ಮಾತಾಡುವ ವಿಧಾನ ಎಎಚ್‌ಸಿಐ ಇದ್ದ ಕಡೆ ಹಳೇ ಐಡಿಇ ಆಗಿ ಡಿಸ್ಕ್ ನಿಧಾನ ಆಗಬಹುದು. ಇನ್‌ಸ್ಟಾಲೇ ಕೆಟ್ಟಿತು ಅಂತ ತಲೆಕೆಡಿಸಿಕೊಳ್ಳುವವರು ಮೊದಲು ಇದನ್ನು ನೋಡಲಿ.

ರ‍್ಯಾಮ್

ರ‍್ಯಾಮ್ ದೋಷಕ್ಕೆ ಹೊತ್ತು ಗೊತ್ತಿಲ್ಲ. ಇವತ್ತು ಬ್ರೌಸರ್ ಬೀಳುತ್ತದೆ, ನಾಳೆ ಫೈಲ್ ಮ್ಯಾನೇಜರ್, ನಾಡಿದ್ದು ಕರ್ನಲ್ ಪ್ಯಾನಿಕ್. ಒಂದೇ ಪ್ರೋಗ್ರಾಂ ಪ್ರತಿ ಸಲ ಒಂದೇ ಕಡೆ ಬಿದ್ದರೆ ಆ ಪ್ರೋಗ್ರಾಂನ ತಪ್ಪು. ಬೇರೆ ಬೇರೆ ಪ್ರೋಗ್ರಾಂಗಳು ಬೇರೆ ಬೇರೆ ಕಡೆ ಬಿದ್ದರೆ ರ‍್ಯಾಮ್ ಮೇಲೆ ಕಣ್ಣಿಡಿ. ಡೌನ್‌ಲೋಡ್ ಆದ ಪ್ಯಾಕೇಜ್‌ನ ಚೆಕ್‌ಸಮ್ (ಫೈಲ್ ಕೆಟ್ಟಿಲ್ಲ ಅಂತ ತಾಳೆ ನೋಡುವ ಅಂಕಿ) ಒಮ್ಮೆ ತಾಳೆಯಾಗಿ ಮತ್ತೊಮ್ಮೆ ಆಗದಿದ್ದರೆ ಅನುಮಾನ ಇನ್ನೂ ಗಟ್ಟಿ.

ಮೆಮ್‌ಟೆಸ್ಟ್86+ ಅನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ರಾತ್ರಿ ಪೂರ್ತಿ ಓಡಲು ಬಿಡಿ. 2022ರಲ್ಲಿ ಬಂದ 6.00 ಆವೃತ್ತಿಯಿಂದ ಅದು ಯುಇಎಫ್‌ಐ (ಬಯಾಸ್‌ನ ಹೊಸ ರೂಪ) ಯಂತ್ರಗಳಲ್ಲೂ ಓಡುತ್ತದೆ. ಒಂದೇ ಒಂದು ಎರರ್ ಬಂದರೂ ಅದನ್ನು ಪರವಾಗಿಲ್ಲ ಅನ್ನಬಾರದು. ಆಗ ಎಲ್ಲ ಸ್ಟಿಕ್ ತೆಗೆದು, ಕಾಲುಗಳನ್ನು ಮೃದುವಾಗಿ ಒರೆಸಿ, ಒಂದೊಂದನ್ನೇ ಒಂದೊಂದು ಸ್ಲಾಟ್‌ನಲ್ಲಿ ಹಾಕಿ ಪರೀಕ್ಷಿಸಿ. ದೋಷ ಸ್ಟಿಕ್ ಜೊತೆ ಓಡಾಡಿದರೆ ಸ್ಟಿಕ್ ಕೆಟ್ಟಿದೆ. ಒಂದೇ ಸ್ಲಾಟ್‌ನಲ್ಲಿ ನಿಂತರೆ ಬೋರ್ಡ್ ಕೆಟ್ಟಿದೆ. ಎರಡೂ ಒಂಟಿಯಾಗಿ ಪಾಸಾಗಿ ಜೊತೆಯಲ್ಲಿ ಮಾತ್ರ ಬಿದ್ದರೆ ಎರಡಕ್ಕೂ ಹೊಂದಾಣಿಕೆ ಇಲ್ಲ. ಬೆಸೆದ ರ‍್ಯಾಮ್ ಆಗಿದ್ದು ಕೆಟ್ಟ ವಿಳಾಸಗಳು ನಾಲ್ಕೈದೇ ಇದ್ದರೆ ಗ್ರಬ್‌ನ ಬ್ಯಾಡ್‌ರ‍್ಯಾಮ್ ಸೌಲಭ್ಯದಿಂದ ಆ ಜಾಗವನ್ನು ಬಿಟ್ಟು ಓಡಿಸಬಹುದು. ಮುಖ್ಯವಾದ ಕಡತ ಇಡುವ ಯಂತ್ರಕ್ಕೆ ನಾನು ಇದನ್ನು ಒಪ್ಪುವುದಿಲ್ಲ.

ಫಕ್ಕನೆ ಆರಿಹೋದರೆ

ಹಿಂದಿನ ಬೂಟ್‌ನ ಲಾಗ್ ಸಾಮಾನ್ಯವಾಗಿ ಓಡುತ್ತಾ ಇದ್ದು ಹಠಾತ್ತಾಗಿ ನಿಂತುಹೋಗಿದ್ದರೆ, ಯಾವ ಎರರ್ ಕೂಡ ಇಲ್ಲದಿದ್ದರೆ, ಶಾಖ ಅಥವಾ ವಿದ್ಯುತ್ ಕಾರಣ. ಎರರ್ ಇಲ್ಲದಿರುವುದೇ ಇಲ್ಲಿ ಸುಳಿವು. ಬರೆಯಲು ಅದಕ್ಕೆ ಸಮಯ ಸಿಕ್ಕಿಲ್ಲ.

ಲಾಗ್‌ನಲ್ಲಿ ಕೋರ್ ಟೆಂಪರೇಚರ್ ಮಿತಿ ದಾಟಿದೆ, ಕ್ಲಾಕ್ ಇಳಿಸಲಾಗಿದೆ ಎಂಬರ್ಥದ ಸಾಲು ಮೊದಲೇ ಬಂದಿದ್ದರೆ ಶಾಖವೇ ಖಾತ್ರಿ. ಎಲ್‌ಎಂ-ಸೆನ್ಸರ್ಸ್ ಹಾಕಿ, ಸೆನ್ಸರ್ಸ್ ಆದೇಶದಿಂದ ಬಿಸಿ ನೋಡುತ್ತಾ ಭಾರೀ ಕೆಲಸ ಕೊಡಿ. ನಿಮಿಷದೊಳಗೆ 90 ಡಿಗ್ರಿ ದಾಟಿದರೆ ಫ್ಯಾನ್ ಮುಂದಿನ ಲೋಹದ ಪಟ್ಟಿಗಳಲ್ಲಿ ದೂಳು ಕಂಬಳಿ ಹೊದ್ದಿದೆ, ಇಲ್ಲವೇ ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿದೆ. ದೂಳು ಊದುವಾಗ ಫ್ಯಾನ್ ರೆಕ್ಕೆ ಹಿಡಿದುಕೊಳ್ಳಿ.

ಶಾಖ ಸರಿಯಿದ್ದರೆ ವಿದ್ಯುತ್. ಡೆಸ್ಕ್‌ಟಾಪ್‌ನಲ್ಲಿ 12 ವೋಲ್ಟ್ ಲೈನ್ 11.4ರಿಂದ 12.6ರ ಒಳಗೆ, 5 ವೋಲ್ಟ್ ಲೈನ್ 4.75ರಿಂದ 5.25ರ ಒಳಗೆ ಇರಬೇಕು. ಮಲ್ಟಿಮೀಟರ್‌ನಲ್ಲಿ ಅಳೆಯುವಾಗ ಯಂತ್ರ ದುಡಿಯುತ್ತಿರಬೇಕು, ಸುಮ್ನೆ ಕೂತಾಗ ಎಲ್ಲವೂ ಚೆಂದವೇ. ಬೋರ್ಡ್ ಮೇಲಿನ ಕೆಪಾಸಿಟರ್‌ಗಳ ತಲೆ ಉಬ್ಬಿದೆಯಾ, ಕಂದು ಅಂಟು ಸೋರಿದೆಯಾ ನೋಡಿ. 1999ರಿಂದ 2007ರ ಸುಮಾರಿಗೆ ತಯಾರಾದ ಬೋರ್ಡ್‌ಗಳಲ್ಲಿ ಕಳಪೆ ಕೆಪಾಸಿಟರ್ ದೊಡ್ಡ ಪಿಡುಗಾಗಿತ್ತು. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಅಪಾಯಕರ ವೋಲ್ಟೇಜ್ ಉಳಿದಿರುತ್ತದೆ.

ಲ್ಯಾಪ್‌ಟಾಪ್‌ಗಳಲ್ಲಿ ಒಂದು ವಿಚಿತ್ರ ಇದೆ. ಕೆಲವು ಮಾದರಿಗಳು ಅಡಾಪ್ಟರ್‌ನ ಗುರುತು ಓದಲಾಗದಿದ್ದರೆ ಪ್ರೊಸೆಸರನ್ನು ಕನಿಷ್ಠ ವೇಗಕ್ಕೆ ಕಟ್ಟಿಹಾಕುತ್ತವೆ. ಎಷ್ಟೇ ಹಗುರ ಡೆಸ್ಕ್‌ಟಾಪ್ ಹಾಕಿದರೂ ಆಗ ಜಪ್ಪಯ್ಯ ಅಂದರೂ ಓಡುವುದಿಲ್ಲ. ಪ್ಲಗ್ ಕಿತ್ತು ಬ್ಯಾಟರಿ ಮೇಲೆ ಓಡಿಸಿದಾಗ ಚುರುಕಾದರೆ ತಪ್ಪು ಅಡಾಪ್ಟರ್ ಅಥವಾ ಅದರ ಪಿನ್‌ನದು.

ಯಂತ್ರ ಸರಿ, ಸಾಫ್ಟ್‌ವೇರ್ ಮುಂದೆ ಹೋಗಿದೆ

ಇಲ್ಲೀಗಲ್ ಇನ್‌ಸ್ಟ್ರಕ್ಷನ್ ಎಂಬ ಸಂದೇಶ ಬಂದು ಪ್ರೋಗ್ರಾಂ ಬಿದ್ದರೆ ಸಾಮಾನ್ಯವಾಗಿ ಏನೂ ಕೆಟ್ಟಿರುವುದಿಲ್ಲ. ಆ ಪ್ರೋಗ್ರಾಂ ನಿಮ್ಮ ಪ್ರೊಸೆಸರ್‌ಗೆ ಗೊತ್ತಿಲ್ಲದ ಆಜ್ಞೆ ಕೊಟ್ಟಿದೆ. ಎಲ್‌ಎಸ್‌ಸಿಪಿಯು ಆದೇಶ ಕೊಟ್ಟು ಫ್ಲಾಗ್ಸ್ ಸಾಲು ಓದಿ. ಅಲ್ಲಿ ಎಲ್‌ಎಂ ಇದ್ದರೆ 64 ಬಿಟ್ ಪ್ರೊಸೆಸರ್. ಎಸ್‌ಎಸ್‌ಇ2 ಎಂಬ ಆಜ್ಞೆಗಳ ಗುಂಪು ಇಲ್ಲದಿದ್ದರೆ, ಪೆಂಟಿಯಂ 3 ಮತ್ತು ಅಥ್ಲಾನ್ ಎಕ್ಸ್‌ಪಿ ಹಾಗೆ, ಇಂದಿನ ದೊಡ್ಡ ಬ್ರೌಸರ್‌ಗಳ ಆಸೆ ಬಿಡಬೇಕು. ಎಸ್‌ಎಸ್‌ಇ4.2 ಇಲ್ಲದಿದ್ದರೆ, ಕೋರ್ 2 ಡುಯೋ ಇದೇ ಗುಂಪಿನದು, ರೆಡ್‌ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9 ಬೂಟ್ ಆಗುವುದಿಲ್ಲ. ಅದು ಎಕ್ಸ್86-64-ವಿ2 ಮಟ್ಟದ ಪ್ರೊಸೆಸರ್ ಕೇಳುತ್ತದೆ. 2025ರಲ್ಲಿ ಬಂದ 10ನೇ ಆವೃತ್ತಿ ವಿ3 ಕೇಳುತ್ತದೆ, ಅಂದರೆ ಎವಿಎಕ್ಸ್2 ಕೂಡ ಬೇಕು. ಇಂಟೆಲ್‌ನಲ್ಲಿ ಅದು 2013ರ ಹ್ಯಾಸ್‌ವೆಲ್‌ನಿಂದ ಈಚೆಗೆ ಬಂದದ್ದು. ಇದಕ್ಕೆ ಬೂಟ್ ಪ್ಯಾರಾಮೀಟರ್ ಮದ್ದಿಲ್ಲ. ಡೆಬಿಯನ್‌ನಂತಹ, ಮೊದಲ ಮಟ್ಟದ 64 ಬಿಟ್‌ನಲ್ಲೇ ನಿಂತಿರುವ ಡಿಸ್ಟ್ರೋಗೆ (ಬೇರೆ ಬಗೆಯ ಲಿನಕ್ಸ್‌ಗೆ) ಹೋಗಬೇಕು.

32 ಬಿಟ್ ಯಂತ್ರಗಳ ದಾರಿ ಇನ್ನೂ ಕಿರಿದಾಗಿದೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ಕ್ಕೆ 32 ಬಿಟ್ ಪಿಸಿಗಳಿಗಾಗಿ ಇನ್‌ಸ್ಟಾಲರೂ ಇಲ್ಲ, ಕರ್ನಲ್ಲೂ ಇಲ್ಲ. ಅಂತಹ ಯಂತ್ರ ಡೆಬಿಯನ್ 12ರಲ್ಲಿದ್ದರೆ 13ಕ್ಕೆ ಏರಿಸಲು ಹೋಗಬೇಡಿ. ಲಿನಕ್ಸ್ ಅಲ್ಲದ ನೆಟ್‌ಬಿಎಸ್‌ಡಿ, ಓಪನ್‌ಬಿಎಸ್‌ಡಿ ಇನ್ನೂ ಇವನ್ನು ಕೈಬಿಟ್ಟಿಲ್ಲ. ಪೆಂಟಿಯಂ ಎಂ ಇರುವ ಮೊದಲ ಕಾಲದ ಲ್ಯಾಪ್‌ಟಾಪ್ ಪಿಎಇ ಎಂಬ ಸೌಲಭ್ಯ ಇಲ್ಲ ಅಂತ ಬೂಟ್ ನಿರಾಕರಿಸಿದರೆ ಬೂಟ್ ಸಾಲಿಗೆ ಫೋರ್ಸ್‌ಪಿಎಇ ಸೇರಿಸಿ. ಆ ಚಿಪ್‌ಗಳಿಗೆ ಪಿಎಇ ಬರುತ್ತದೆ, ಬರುತ್ತದೆ ಅಂತ ಹೇಳಿಕೊಳ್ಳುವುದಿಲ್ಲ ಅಷ್ಟೆ.

64 ಬಿಟ್ ಪ್ರೊಸೆಸರ್ ಇದ್ದೂ ಪೆನ್‌ಡ್ರೈವ್ ಕಾಣದಿದ್ದರೆ ಯುಇಎಫ್‌ಐ 32 ಬಿಟ್‌ದು ಇರಬಹುದು. ಬೇ ಟ್ರೇಲ್ ಆಟಂ ಇರುವ ಸಣ್ಣ ಯಂತ್ರಗಳಲ್ಲಿ, 2006ರ ಸುಮಾರಿನ ಇಂಟೆಲ್ ಮ್ಯಾಕ್‌ಗಳಲ್ಲಿ ಹೀಗಿದೆ. ಪೆನ್‌ಡ್ರೈವ್‌ನಲ್ಲಿ 32 ಬಿಟ್ ಗ್ರಬ್ ಕೂಡ ಇರುವ ಇಮೇಜ್ ಬೇಕು.

ಗ್ರಾಫಿಕ್ಸ್‌ನದು ಬೇರೆ ಕಥೆ. ಬೂಟ್ ಶುರುವಾಗಿ ಪರದೆ ಕಪ್ಪಾದರೆ ಗ್ರಬ್‌ನಲ್ಲಿ ಇ ಒತ್ತಿ, ಲಿನಕ್ಸ್ ಅಂತ ಶುರುವಾಗುವ ಸಾಲಿನ ಕೊನೆಗೆ ನೋಮೋಡ್‌ಸೆಟ್ ಸೇರಿಸಿ ಬೂಟ್ ಮಾಡಿ. ಪರದೆ ಬಂದರೆ ದೋಷ ಗ್ರಾಫಿಕ್ಸ್ ಡ್ರೈವರ್‌ನಲ್ಲಿದೆ. ಇದನ್ನೇ ಕಾಯಂ ಮಾಡಿಕೊಂಡು ಕೂರಬೇಡಿ, ವೇಗವೆಲ್ಲ ಹೋಗುತ್ತದೆ. ಎನ್‌ವಿಡಿಯಾದ ಹಳೇ ಕಾರ್ಡ್‌ಗಳಲ್ಲಿ ಇದು ಜಾಸ್ತಿ. 340 ಸರಣಿಯ ಡ್ರೈವರ್‌ನ ಕೊನೇ ಬಿಡುಗಡೆ 2019ರದು. ಹೊಸ ಕರ್ನಲ್ ಬಂದಾಗ ಅದು ಕಂಪೈಲ್ ಆಗದೆ ನಿಲ್ಲುವುದು ಸಹಜ. ಅದನ್ನು ಪೂರ್ತಿ ತೆಗೆದು ಕರ್ನಲ್ ಜೊತೆಗೇ ಬರುವ ನೂವೊ ಡ್ರೈವರ್‌ಗೆ ಮರಳಿ. ಆಟಗಳಿಗೆ ಸಾಲದು, ಮಿಕ್ಕ ಕೆಲಸಕ್ಕೆ ಪರವಾಗಿಲ್ಲ.

ವೈಫೈ ಸಿಗದಿದ್ದರೆ ಕರ್ನಲ್ ಲಾಗ್‌ನಲ್ಲಿ ಫರ್ಮ್‌ವೇರ್ ಅಂತ ಹುಡುಕಿ. ಫೈಲ್ ಸಿಗಲಿಲ್ಲ ಎಂಬ ಸಾಲಿದ್ದರೆ ಆ ಫರ್ಮ್‌ವೇರ್‌ನ ಪ್ಯಾಕೇಜ್ ಹಾಕಿದರೆ ಮುಗಿಯಿತು.

ಎಲ್ಲ ಸರಿಯಿದ್ದೂ ನಿಧಾನ

ವಿಎಂಸ್ಟಾಟ್‌ನಲ್ಲಿ ಸ್ವಾಪ್ ಓಡಾಟ ಕಂಡವರಿಗೆ ಈ ಭಾಗ. ರ‍್ಯಾಮ್ ಸೇರಿಸಲು ಆಗುವುದಾದರೆ ಸೇರಿಸಿ. ಕೊಳ್ಳುವ ಮೊದಲು ಚಿಪ್‌ಸೆಟ್ ಮಿತಿ ನೋಡಿಕೊಳ್ಳಿ. ಇಂಟೆಲ್ 945 ಚಿಪ್‌ಸೆಟ್‌ನ ಲ್ಯಾಪ್‌ಟಾಪ್‌ಗೆ 4 ಜಿಬಿ ಹಾಕಿದರೂ ಸಿಗುವುದು 3 ಜಿಬಿ ಚಿಲ್ಲರೆ, 64 ಬಿಟ್ ಸಿಸ್ಟಂ ಹಾಕಿದರೂ ಅಷ್ಟೇ.

ಸೇರಿಸಲು ಆಗದಿದ್ದರೆ ಜೆಡ್‌ರ‍್ಯಾಮ್ ಚಾಲೂ ಮಾಡಿ. ಬಳಸದ ಪುಟಗಳನ್ನು ಡಿಸ್ಕ್‌ಗೆ ಕಳಿಸುವ ಬದಲು ರ‍್ಯಾಮ್‌ನಲ್ಲೇ ಹಿಂಡಿ ಇಡುತ್ತದೆ. ಪ್ರೊಸೆಸರ್‌ಗೆ ಸ್ವಲ್ಪ ಕೆಲಸ ಹೆಚ್ಚುತ್ತದೆ, ಆದರೆ ತಿರುಗುವ ಡಿಸ್ಕ್‌ನ ಸ್ವಾಪ್‌ಗೆ ಹೋಲಿಸಿದರೆ ಲಾಭವೇ. ಕೂಡಲೇ ಪೂರ್ತಿ ಹ್ಯಾಂಗ್ ಆಗುವ ಯಂತ್ರಕ್ಕೆ ಅರ್ಲಿಊಮ್ ಕೂಡ ಹಾಕಿ. ರ‍್ಯಾಮ್ ಮುಗಿಯುವ ಮೊದಲೇ ಅದು ಅತಿ ದೊಡ್ಡ ಪ್ರೋಗ್ರಾಂ ಒಂದನ್ನು ಮುಚ್ಚುತ್ತದೆ. ಅದು ಸಾಮಾನ್ಯವಾಗಿ ಬ್ರೌಸರ್ ಟ್ಯಾಬ್ ಆಗಿರುತ್ತದೆ, ಇಡೀ ಯಂತ್ರ ನಿಲ್ಲುವುದಕ್ಕಿಂತ ವಾಸಿ.

ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿ ತರಹದ ಹಗುರ ಡೆಸ್ಕ್‌ಟಾಪ್ ಕೆಲವು ನೂರು ಎಂಬಿ ಉಳಿಸಬಹುದು. ಬ್ರೌಸರ್ ಅದನ್ನು ನಾಲ್ಕು ಟ್ಯಾಬ್‌ನಲ್ಲಿ ತಿಂದುಹಾಕುತ್ತದೆ. ಹಾಗಾಗಿ ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಹಾಕುವುದು, ಟ್ಯಾಬ್ ಮುಚ್ಚುವುದು ಡೆಸ್ಕ್‌ಟಾಪ್ ಬದಲಿಸುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. 32 ಬಿಟ್ ಲಿನಕ್ಸ್‌ಗೆ ಫೈರ್‌ಫಾಕ್ಸ್ 144 ಕೊನೆಯದು, ದೀರ್ಘಕಾಲ ಬೆಂಬಲ ಸಿಗುವ ಇಎಸ್‌ಆರ್ 140 ಬಳಸುವವರಿಗೆ ಮೊಜಿಲ್ಲಾ ಇನ್ನಷ್ಟು ಕಾಲಾವಕಾಶ ಕೊಟ್ಟಿತ್ತು.

ವೇಗ ಬರುತ್ತದೆ ಅಂತ ಬೂಟ್ ಸಾಲಿಗೆ ಮಿಟಿಗೇಷನ್ಸ್=ಆಫ್ ಸೇರಿಸುವ ಸಲಹೆ ಅಲ್ಲಲ್ಲಿ ಸಿಗುತ್ತದೆ. 2018ರಲ್ಲಿ ಬೆಳಕಿಗೆ ಬಂದ ಮೆಲ್ಟ್‌ಡೌನ್, ಸ್ಪೆಕ್ಟರ್ ತರಹದ ದೋಷಗಳಿಗೆ ಕರ್ನಲ್ ಹಾಕಿದ ತಡೆಗಳನ್ನು ಅದು ತೆಗೆದುಹಾಕುತ್ತದೆ. ಇಂಟರ್‌ನೆಟ್‌ಗೆ ತಾಗದೆ ಒಂದೇ ಕೆಲಸಕ್ಕೆ ಇಟ್ಟ ಯಂತ್ರವಾದರೆ ಮಾಡಿ ನೋಡಬಹುದು. ಬ್ರೌಸರ್ ಓಡುವ ಯಂತ್ರಕ್ಕೆ ಬೇಡ.